ರಾಣಿ ಬರಲಿಲ್ಲ, ಬದಲಿ ಬಂದಳು

ನಾಟಕದ ಬೋರ್ಡಿನ ಮ್ಯಾಲ ಒಬ್ಬಾಕಿ, ಸ್ಟೇಜಿನ ಮ್ಯಾಲ ಇನ್ನೊಬ್ಬಾಕಿ. ಹಿಂಗ ಆಗೋದು ನಮ್ಮ ಕಡೆ ಹೊಸದಲ್ಲ. ಆದ್ರ ನಾ ಹೋದ ದಿನಾನೇ ಯಾಕ ಆಗಬೇಕು? ಕೇಳಿದ ಮಂದಿ ನಗ್ತಾರ. ನಗ್ರಿ, ನಗ್ರಿ. ನನಗ ಮಾತ್ರ ಈಗ ಹೇಳಾಕ ಕುಂತ್ರೂ ಮೈ ಉರೀತದ.

ಅದು ನಮ್ಮ ಸಣ್ಣಂದಿನ ಹಳೀ ನಾಟಕ, ಪೂರಾ ಹಾಡಿಂದೇ. ರಾಣಿ ತನ್ನ ಮಗಳನ್ನ ಗಂಡನ ಮನಿಗೆ ಕಳಿಸೋವಾಗ ಒಂದು ಹಾಡು ಬರ್ತದ. ಸತ್ತುಹೋದ ನಮ್ಮಕ್ಕ ಅದನ್ನ ಹಿಟ್ಟು ಬೀಸ್ತಾ ಹಾಡ್ತಿದ್ದಳು. ನನಗ ಎಲ್ಲಾ ನೆನಪದ, ಕಡೀ ನುಡಿ ಮಾತ್ರ ಹೋಗ್ಯದ. ಕೇಳಬೇಕಂದ್ರ ಅಕ್ಕ ಇಲ್ಲ. ಊರೂರು ತಿರುಗೋ ಈ ನಾಟಕ ಕಂಪನಿಯೊಳಗೂ ಅದು ಪೂರಾ ಬರೋದು ರಾಣಿ ಪಾರ್ಟಿನಾಕಿ ಒಬ್ಬಾಕಿಗೇ. ನನ್ನ ಒಂದು ಕಿವಿ ಆಗಲೇ ಕೆಲಸ ಬಿಟ್ಟದ. ಇನ್ನೊಂದು ಬಿಡೋದ್ರಾಗ ಆ ನುಡಿ ಕೇಳಬೇಕು, ಇಷ್ಟೇ ನನ್ನ ಆಸಿ.

ಜಹೀರಾಬಾದ್: ಮೀಸಿ ರಾಣಿ

ಕೊಹೀರ್‌ದಿಂದ ಸೊಸಿನ್ನ ಕರಕೊಂಡು ಬಸ್ ಹತ್ತಿ ಮಧ್ಯಾಹ್ನದ ಆಟಕ್ಕ ಹೋದೆ. ಪೆಂಡಾಲಿನ ಮುಂದ ರಾಣಿ ಫೋಟೋ ಬಾಗಿಲಷ್ಟು ದೊಡ್ಡದು. ಪರದೆ ಎದ್ದಿತು. ರಾಣಿ ಬಾಯಿ, ಮೂಗು ಎಲ್ಲಾ ಸೆರಗಿನಾಗ ಮುಚ್ಚಿಕೊಂಡು ಬಂದಳು.

"ಯಾಕ ಹಿಂಗ ಮುಚ್ಚಿಕೊಂಡಾಳ?" ಅಂದೆ.

"ಅತ್ತಿ, ಗಾಳಿ ಬಿಟ್ಟಾಗ ನೋಡ್ರಿ. ಒಳಗ ಮೀಸಿ ಅದ," ಅಂದಳು ಸೊಸಿ.

ರಾಣಿಗೆ ಗಂಟಲು ಕಟ್ಟಿತ್ತಂತ. ಸೇನಾಪತಿ ಪಾರ್ಟಿನಂವ ಸೀರಿ ಉಟ್ಟು ಬಂದಿದ್ದ. ಸೇನಾಪತಿನೂ ತಾನೇ ಆಗಬೇಕಲ್ಲ, ಅದಕ್ಕ ಮೀಸಿ ತೆಗೆದಿಲ್ಲ. ಇಬ್ಬರೂ ಕೂಡಿ ಮಾತಾಡೋ ಕಡೆ ಬಂದಾಗ ಏನು ಮಾಡಬೇಕು? ಸೆರಗು ಮ್ಯಾಲ ಹಾಕಿದ್ರ ರಾಣಿ, ಕೆಳಗ ಬಿಟ್ರ ಸೇನಾಪತಿ. "ಸೇನಾಪತಿ, ವೈರಿ ಎಲ್ಲಿಯವರೆಗೆ ಬಂದಿದ್ದಾನೆ?" ಸೆರಗು ಕೆಳಗ. "ಕೋಟೆ ಬಾಗಿಲಿಗೆ ಬಂದಿದ್ದಾನೆ ಮಹಾರಾಣಿ!" ಸೆರಗು ಮ್ಯಾಲ. ತನಗ ತಾನೇ ಕೈ ಮುಗುದು, ತನಗ ತಾನೇ ಆಶೀರ್ವಾದ ಮಾಡಿದ.

ಮಗಳನ್ನ ಕಳಿಸೋ ಹೊತ್ತು ಬಂತು. ನಾ ಒಳ್ಳೆ ಕಿವಿ ಮುಂದ ಮಾಡಿ ಕುಂತೆ. "ಮಗಳೇ, ದುಃಖದಿಂದ ಹಾಡಲು ಬಾಯಿ ಬಾರದು, ಹೋಗಿ ಬಾ," ಅಂದುಬಿಟ್ಟ ಗಂಡಸು!

ಮ್ಯಾನೇಜರನ್ನ ಹಿಡಿದು ಝಾಡಿಸಿದೆ. "ಆ ಫೋಟೋದಾಗ ಮೀಸಿ ಎಲ್ಲದ, ತೋರ್ಸು!"

ಅಂವ ಕೈ ಮುಗುದ. "ಆಯೀ, ತಾಂಡೂರಿಗೆ ಬರ್ರಿ. ಅಲ್ಲಿ ಹೆಣ್ಣೇ ಇರ್ತದ, ಪಕ್ಕಾ."

ತಾಂಡೂರ: ಕಾಲಿಗೆ ಬೀಳೋರು ಯಾರು

ಹೆಣ್ಣೇ ಇತ್ತು, ಸುಳ್ಳಲ್ಲ. ಆದ್ರ ಆ ಹೆಣ್ಣಲ್ಲ.

ಕರಣಕೋಟದ ನಾದಿನಿ ಮನ್ಯಾಗ ಉಂಡು, ಮುಂದಿನ ಖುರ್ಚಿ ಹಿಡಿದು ಕುಂತ್ವಿ. ರಾಣಿ ತಮ್ಮನ ಮಗನ ಕೂದಲಾ ತೆಗೆಸೋ ಜವಳಕ್ಕ ಹೋಗ್ಯಾಳಂತ! ಮಗಳ ಪಾರ್ಟಿನ ಹುಡುಗಿನ್ನ ರಾಣಿ ಮಾಡ್ಯಾರ. ಇನ್ನ ಮಗಳು ಬೇಕಲ್ಲ? ಆ ಹುಡುಗಿ ಅತ್ತಿ ಕಂಪನಿಯೊಳಗ ಸೀರಿ, ಬಣ್ಣ ನೋಡಿಕೊಳ್ಳೋ ಮುದುಕಿ. ಆಕಿಗೆ ಎರಡು ಜಡಿ ಹಾಕಿ ನಿಲ್ಲಿಸ್ಯಾರ. ತಾಯಿಗೆ ಮೊನ್ನೆ ಲಗ್ನ ಆಗ್ಯದ, ಮಗಳಿಗೆ ಹಲ್ಲಿಲ್ಲ.

ಹುಡುಗಿ ದಿನಾ ಎದುರಿಗೇ ನಿಂತು ಕೇಳ್ಯಾಳ, ಕಡೀ ನುಡಿ ಬಂದೀತು ಅಂತ ಅದನ್ನೂ ತಡಕೊಂಡೆ. ಮಗಳು ರಾಣಿ ಕಾಲಿಗೆ ಬಿದ್ದ ಮ್ಯಾಲೇ ಹಾಡು. ಹಾರ್ಮೋನಿಯಂ ಮಾಸ್ತರ ಸುರು ಮಾಡಿದ. ಮುದುಕಿ ಮಾತ್ರ ಕಂಬದಂಗ ನಿಂತಾಳ.

"ಬೀಳ್ರಿ ಅತ್ತಿ," ಅಂತ ರಾಣಿ ಮೆಲ್ಲಕ ಅಂದಳು. ಮೈಕಿನಾಗ ಎಲ್ಲಾರಿಗೂ ಕೇಳಿಸ್ತು.

"ನಿನ್ನ ಕಾಲಿಗೇನ? ಸತ್ರೂ ಬೀಳಂಗಿಲ್ಲ!"

"ಇದು ನಾಟಕ ರೀ!"

"ಮನ್ಯಾಗ ದಿನಾ ಮಾಡ್ತಿ ಅಲ್ಲ, ನನಗ ಗೊತ್ತದ!"

ಕಡೀಗೆ ಪಾಪ ರಾಣಿನೇ ಕಿರೀಟ ಕೈಯಾಗ ಹಿಡಕೊಂಡು ಮಗಳ ಕಾಲಿಗೆ ಬಿದ್ದಳು. "ಇನ್ನ ಮುಂದರೆ ನೆಟ್ಟಗ ಇರು," ಅಂತ ಮುದುಕಿ ತಲಿ ಮ್ಯಾಲ ಕೈ ಇಟ್ಟು, ಖುಷಿಲೆ ಗಂಡನ ಮನಿಗೆ ಹೋಗೇಬಿಟ್ಟಳು. ಮಗಳೇ ಇಲ್ಲಂದ ಮ್ಯಾಲ ಹಾಡು ಯಾರಿಗೆ? ಪರದೆ ಬಿತ್ತು.

ನನ್ನ ಸೊಸಿ ಖುರ್ಚಿಯಿಂದ ಬೀಳೋಹಂಗ ನಗಾಕತ್ತಿದ್ದಳು. "ಏನ ನಗ್ತಿ? ಹಾಡು ಹೋತಲ್ಲ!" ಅಂತ ಬೈದೆ.

"ಅಲ್ರಿ ಅತ್ತಿ, ನಮ್ಮ ಮನೀದು ಇವರಿಗೆ ಯಾರು ಬರದು ಕೊಟ್ಟಾರ?"

ನಾರಾಯಣಖೇಡ: ನಾನೂ ಬದಲಿ

ಈ ಸಲ ನಾ ಯಾರನ್ನೂ ನಂಬಲಿಲ್ಲ. ಸೀದಾ ಪರದೆ ಹಿಂದ ಹೋದೆ. ಫೋಟೋದಾಗಿನ ರಾಣಿನೇ ಎಲಿ ಅಡಕಿ ಹಾಕ್ಕೊಂಡು ಕುಂತಿದ್ದಳು. ಗಲ್ಲ ಮುಟ್ಟಿ ನೋಡಿದೆ, ಮೀಸಿ ಇಲ್ಲ.

"ಕಡೀ ನುಡಿ ಇಲ್ಲೇ ಒಮ್ಮೆ ಅಂದುಬಿಡವ್ವ," ಅಂದೆ.

"ಸ್ಟೇಜಿಗೆ ಹೋಗೋ ಮೊದಲು ಅಂದ್ರ ಶಕುನ ಚೊಲೋ ಅಲ್ಲ ಆಯೀ. ಮ್ಯಾಲ ಹಾಡ್ತೀನಲ್ಲ, ಕೇಳ್ರಿ."

ಏನು ಶಕುನ ಸುಡುಗಾಡು! ಹಾಡು ಸುರು ಆಗಾಕ ಇನ್ನ ಒಂದೇ ಮಾತು ಬಾಕಿ ಇತ್ತು, ಸಿಂಹಾಸನದಿಂದ ಇಳೀತಾ ರಾಣಿ ಕಾಲು ಉಳುಕಿತು. ಎತ್ತಿಕೊಂಡು ಒಳಗ ಒಯ್ದರು. ಹೊಸದಾಗಿ ಸೇರಿದ ತೆಲುಗು ಹುಡುಗಿಗೆ ಅದೇ ಕಿರೀಟ ಇಟ್ಟು ಹೊರಗ ನೂಕಿದರು. ಮಾಸ್ತರ ಬಾರಿಸ್ಯಾನ, ಬಾರಿಸ್ಯಾನ. ಹುಡುಗಿ ಬಾಯೇ ತೆಗೀವಲ್ಲಳು, ಕಾಲಿನ ಬೆರಳು ನೋಡಿಕೋತ ನಿಂತಾಳ.

ನನಗ ಎಲ್ಲಿತ್ತೋ ಸಿಟ್ಟು! ಎದ್ದು ನಿಂತೆ. "ಏ ಮಾಸ್ತರ, ಗಾಣದ ಎತ್ತಿನಂಗ ಅಲ್ಲೇ ಎಷ್ಟು ಸುತ್ತತಿ? ಬಾರ್ಸು, ನಾ ಹಾಡ್ತೀನಿ!" ಅಂದವಳೇ ಸುರು ಮಾಡಿದೆ. ಸಿಟ್ಟಿನಾಗ ನನ್ನ ದನಿ ನಾರಾಯಣಖೇಡದ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಒಂದು ನುಡಿ ಮುಗೀತು, ಮತ್ತೊಂದು ಮುಗೀತು. ಕಡೀ ನುಡಿ ಬಂತು. ನಿಂತುಬಿಟ್ಟೆ.

ಆಗ ಪರದೆ ಹಿಂದಿಂದ, ಕಾಲು ನೋವಿನಾಗ ಮುಲುಕಿಕೋತನೇ, ರಾಣಿ ಹಾಡು ಎತ್ತಿಕೊಂಡಳು:

"ಒಲಿ ಮ್ಯಾಲ ಹಾಲಿಟ್ಟೀನಿ, ಉಕ್ಕೂ ತನಕ ನಿಲ್ಲವ್ವ, ಆಮ್ಯಾಲ ಹೊಸ್ತಿಲ ದಾಟವ್ವ."

ನಮ್ಮಕ್ಕಂದೇ. ಅಕ್ಷರ ಸಮೇತ ನಮ್ಮಕ್ಕಂದೇ. ಕಣ್ಣಿಗೆ ಸೆರಗು ಹಚ್ಚಿದೆ.

ಅಷ್ಟರಾಗ ಹಿಂದಿನ ಖುರ್ಚಿಯಿಂದ ಒಬ್ಬಾಕಿ ಒದರಿದಳು. "ಏ ಮುದುಕಿ, ಕೂಡು! ನಾವು ರಾಣಿನ್ನ ನೋಡಾಕ ಬಂದೀವಿ. ಇಂಥಾ ಬದಲಿ ಪಾರ್ಟ್ ಎಲ್ಲಿಂದ ಹಿಡಕೊಂಡು ಬಂದಾರ?"

ಎರಡು ಊರಾಗ ಬದಲಿ ಪಾರ್ಟಿನವರನ್ನ ಮನಸಿನಾಗ ಬೈಕೋತ ಕುಂತಿದ್ದ ನಾನು ಗಿರಕ್ಕನ ತಿರುಗಿದೆ. "ಬದಲಿ ಪಾರ್ಟ್ ಅಂದ್ರ ಹಗುರ ಅಂತ ತಿಳಿದೀ? ಬಾ, ನೀ ಬಂದು ಹಾಡು ನೋಡಮ್!"

ಆಟ ಬಿಟ್ಟ ಮ್ಯಾಲ ಮ್ಯಾನೇಜರ್ ತಾನೇ ಓಡಿ ಬಂದ. ಮೂರು ಊರಾಗ ಮೊದಲನೇ ಸಲ. "ಆಯೀ, ರಾಣಿ ಕಾಲು ಜಲ್ದಿ ಆರಾಮ ಆಗಂಗಿಲ್ಲ. ಮುಂದಿನ ಊರಿಗೂ ಹಾಡಾಕ ನೀವೇ ಬರಬೇಕ್ರಿ."

ನಾ ಸೆರಗು ಸರಿ ಮಾಡಿಕೊಂಡು, ಒಂದೀಟು ಠೀವಿಲೆ ಬಾಯಿ ತೆಗೀಬೇಕು, ಅಷ್ಟರಾಗ ನನ್ನ ಸೊಸಿ ಮುಂದ ಬಂದು ನಿಂತಳು.

"ನಮ್ಮತ್ತಿ ತಬಿಯತ್ ಸರಿ ಇಲ್ರಿ," ಅಂದಳು. "ಬದಲಿಗೆ ನಾ ಬರ್ತೀನಿ."