ಎರಡು ಕಣ್ಣಿನ ಡಬ್ಬಿ

ಎಲ್ಲಕ್ಕೂ ಕಾರಣ ಜೋಳದ ಕಾಳಿನಷ್ಟು ಕಲ್ಲಿನ ಚೂರು. ಎಪ್ಪತ್ತೆರಡರ ಬರದಲ್ಲಿ, ನೌಬಾದದ ರಸ್ತೆಗೆ ಜಲ್ಲಿ ಒಡೆಯುವಾಗ ಅದು ಸಿಡಿದು ದತ್ತಾತ್ರಿಯ ಬಲಗಣ್ಣಿಗೆ ಬಡಿದಿತ್ತು. ನೋಡುವವರಿಗೆ ಕಣ್ಣು ನೆಟ್ಟಗೇ ಇತ್ತು. ಅವನಿಗೆ ಅದರಿಂದ ಏನೂ ಕಾಣುತ್ತಿರಲಿಲ್ಲ, ಅಷ್ಟೆ. ಅವನ ಊರು ಮೆಹಕರದಲ್ಲಿ ಇದು ಗೊತ್ತಿದ್ದದ್ದು ಅವ್ವ ಸಖುಬಾಯಿಗೆ. ಮತ್ತೆ, ಯಾರಿಗೂ ಹೇಳಬೇಡವೆಂದು ಆಕೆ ಆಣೆ ಹಾಕಿಸಿ ಹೇಳಿದ್ದರಿಂದ, ಪಕ್ಕದ ಮನೆಯ ನಿಜಾಮೋದ್ದೀನನಿಗೆ.

ಮರುವರ್ಷ ಔರಾದದ ಶಿವರಾಜಪ್ಪ ಮಗಳಿಗೆ ವರ ನೋಡಲು ಬಂದರು. ಮುಂಬೈಗೆ ಗುಳೆ ಹೋಗಿ ಬಂದವರು. ಚಹಾ ಬರುವಷ್ಟರಲ್ಲಿ ಚೀಲದಿಂದ ಒಂದು ಕರಿ ಡಬ್ಬಿ ತೆಗೆದರು. ಅದಕ್ಕೆ ಎರಡು ಗಾಜು, ಒಳಗೆ ಸಣ್ಣ ಸಣ್ಣ ಚಿತ್ರಗಳ ಗುಂಡನೆಯ ಬಿಲ್ಲೆ.

"ಒಂದೊಂದು ಕಣ್ಣಿಗಿ ಒಂದೊಂದು ಚಿತ್ರ ಅದರಿ. ಎರಡೂ ಕೂಡಿದ್ರ ಒಳಗಿಂದು ಎದ್ದು ಮೈಮ್ಯಾಲ ಬರ್ತದ."

ಡಬ್ಬಿ ತನ್ನತ್ತ ಬರುವ ಮೊದಲೇ ದತ್ತಾತ್ರಿ ಗೋಡೆಗೆ ಸರಿದು ಕೂತ.

ಕರೆಯದಿದ್ದರೂ ಬಂದು ಕೂತಿದ್ದ ನಿಜಾಮೋದ್ದೀನ ಡಬ್ಬಿ ಕಸಿದು ಕಣ್ಣಿಗಿಟ್ಟ. "ಯಾ ಅಲ್ಲಾ! ಆನಿ ಸೊಂಡಿ ಮೂಗಿಗೇ ಬಂತಲ್ಲ!" ಎಂದು ಗಾಳಿಯಲ್ಲಿ ಕೈಯಾಡಿಸಿದ. ಡಬ್ಬಿ ದಾಟಿಸುವಾಗ ದತ್ತಾತ್ರಿಯ ಕಿವಿಯಲ್ಲಿ, "ಹಿಂಗೇ ಮಾಡಪಾ. ಜರಾ ಜೋರು ಮಾಡು" ಎಂದ.

ದತ್ತಾತ್ರಿ ನೋಡಿದ. ಆನೆ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ನಿಂತಂತೆ ಚಪ್ಪಟೆಯಾಗಿ ನಿಂತಿತ್ತು.

"ಹ್ಯಾಂಗ ಕಾಣ್ತದಪಾ? ಇದ್ದದ್ದು ಇದ್ದಂಗ ಹೇಳು" ಎಂದರು ಶಿವರಾಜಪ್ಪ, ಅವನ ಮುಖವನ್ನೇ ನೋಡುತ್ತ.

"ಅಯ್ಯಯ್ಯೋ, ತುಳೀತದ್ರಿ!" ದತ್ತಾತ್ರಿ ಸೊಂಡಿಲಿಗೆ ಕೈಚಾಚಿದ, ಹಿಂದಕ್ಕೆ ಹಾರಿದ, ಆಗಷ್ಟೇ ಬಂದಿದ್ದ ಚಹಾದ ಕಪ್ಪುಗಳ ಮೇಲೆ ಕೂತ. ಬಿಸಿ ಚಹಾ ಧೋತರದೊಳಗೆ ಇಳಿಯುತ್ತಿದ್ದರೂ "ಆನಿ! ಆನಿ!" ಎನ್ನುವುದನ್ನು ಬಿಡಲಿಲ್ಲ.

ಶಿವರಾಜಪ್ಪ ನಗಲಿಲ್ಲ. ಡಬ್ಬಿ ಒರೆಸಿ ಚೀಲಕ್ಕಿಟ್ಟರು.

"ತಪ್ಪು ತಿಳೀಬ್ಯಾಡ್ರಿ ಸಖುಬಾಯಿ. ನನ್ನ ಮಗಳು ಕೌಸಲ್ಯಾಗ ಹುಟ್ಟಿದಾಗಿಂದ ಒಂದೇ ಕಣ್ಣು ಕಾಣ್ತದ. ನಿಮ್ಮ ಹುಡುಗಂದೂ ಹಂಗೇ ಅಂತ ಭಾಲ್ಕಿ ಸಂತ್ಯಾಗ ಕೇಳಿ, ಜೋಡಿ ಆಗ್ತದಂತ ಬಂದಿದ್ದೆ. ಬಾಯಿಬಿಟ್ಟು ಕೇಳಾಕ ನಾಚಿಕಿ, ಅದಕ್ಕ ಡಬ್ಬಿ ತಂದೆ. ಎರಡೂ ಕಣ್ಣಿದ್ದಾಂವ ನಾಳಿ ಆಕಿಗಿ ಅಂದು ಆಡಿದ್ರ?"

ನಾಚಿಕೆ ಚಹಾಕ್ಕಿಂತ ಬಿಸಿಯಾಗಿ ದತ್ತಾತ್ರಿಯ ಕಿವಿಯತನಕ ಏರಿತು. "ಮಾವಾರ, ನನಗೂ ಒಂದೇ ಕಣ್ಣು ಕಾಣ್ತದ್ರಿ! ಆನಿ ಚಪ್ಪಟಿ ಇತ್ತು, ಖರೇ ಹೇಳ್ತೇನಿ!"

ಚಪ್ಪಲಿ ಮೆಟ್ಟುತ್ತ ಶಿವರಾಜಪ್ಪ ಅವನ ಭುಜ ತಟ್ಟಿದರು. "ಒಳ್ಳೇ ಮನಸಿನಂವ ಇದ್ದಿ. ಆದ್ರ ನನ್ನ ಮಗಳ ಸಲುವಾಗಿ ಇಷ್ಟು ದೊಡ್ಡ ಸುಳ್ಳು ಹೇಳಬ್ಯಾಡಪಾ."

"ನಿಜಾಮಣ್ಣಾ, ನೀನರ ಹೇಳೋ!"

ಸಖುಬಾಯಿ ನಿಜಾಮೋದ್ದೀನನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಭಾಲ್ಕಿ ಸಂತೆಯಲ್ಲಿ ಬಾಯಿಬಿಟ್ಟಿದ್ದ ಅವನು, ಆಕೆಗೆ ಕೊಟ್ಟ ಮಾತನ್ನು ಮೊದಲ ಸಲ ಉಳಿಸಿಕೊಂಡ.

"ಖುದಾ ಕಸಮ್ ಸಾಹೇಬರ, ಎರಡೂ ಹದ್ದಿನ ಕಣ್ಣ ಅದಾವ್ರಿ!"