ಮಗಳಿಗೊಂದು ಬಿಲ್ಲು ಮಾಡಿಕೊಡಲು ಹೋಗಿ

ನಮ್ಮ ಮನೆಯಲ್ಲಿ ಬಿಲ್ಲು ಮುರಿಯುವುದು ಕರೆಂಟು ಹೋದಷ್ಟೇ ಮಾಮೂಲು. ಹಿತ್ತಲಿನಿಂದ 'ಲಟ್' ಎಂದು ಸದ್ದು ಬಂದರೆ ಅಡುಗೆಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ.

ನಾನು ಕೂಡ್ಲಿಗಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಯಾವ ವಸ್ತು ಎಷ್ಟು ಬಾಗುತ್ತದೆ, ಯಾವಾಗ ಮುರಿಯುತ್ತದೆ ಎಂಬುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವವನು. ಮಗಳು ಪಿಯುಸಿಗೆ ಬಂದ ಮೇಲೆ ಬಿಲ್ಲುಗಾರಿಕೆಯ ಹುಚ್ಚು ಹತ್ತಿಸಿಕೊಂಡಳು. ಅಭ್ಯಾಸಕ್ಕೆ ಅವರಿವರ ಬಿಲ್ಲು ಸಿಗುತ್ತಿತ್ತು. ಹರಪನಹಳ್ಳಿಯ ಸ್ಪರ್ಧೆಗೆ ಮಾತ್ರ ಮರದ ಬಿಲ್ಲೇ ಆಗಬೇಕು, ಅದನ್ನು ಅವರವರೇ ತರಬೇಕು ಎಂದರು. ತರದವರು ಕೂತು ನೋಡಬಹುದು.

"ಒಂದು ಕೊಂಡು ತರೂಣೇನ್ರಿ?" ಎಂದಳು ಹೆಂಡತಿ.

ಅವಳ ತವರಿನವರೆಲ್ಲ ಊಟಕ್ಕೆ ಕೂತಿದ್ದರು. "ಒಂದು ಕಟ್ಟಿಗಿ, ಒಂದು ದಾರ. ಅದನ್ನೇನು ಕೊಳ್ಳೋದು? ನಾನ ಮಾಡಿಕೊಡ್ತೀನಿ" ಎಂದೆ. ಮಗಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಗ ಅದನ್ನು ಮೆಚ್ಚುಗೆ ಅಂದುಕೊಂಡಿದ್ದೆ.

ಸಂಡಿಗೆಯ ಪಕ್ಕದಲ್ಲಿ

ಮೊದಲು ಆರಿಸಿದ್ದು ಹಸಿ ಜಾಲಿ. ಇಟ್ಟಿಗಿಯಲ್ಲಿ ಭಾಮೈದನ ಹೊಲದ ಬದುವಿನಲ್ಲಿ ನಾನೇ ನಿಂತು ಕಡಿಸಿದ್ದು. ಹಸಿ ಕಟ್ಟಿಗೆ ಹೇಳಿದಂತೆ ಕೇಳುತ್ತದೆ. ಬಾಗು ಎಂದರೆ ಬಾಗಿತು. ಸಾಕು, ನೆಟ್ಟಗಾಗು ಎಂದರೆ ಆಗಲಿಲ್ಲ. ನೆರಳಿನಲ್ಲಿಟ್ಟು ತಿಂಗಳುಗಟ್ಟಲೆ ಒಣಗಿಸಬೇಕು ಎಂದು ಎಲ್ಲೋ ಓದಿದೆ. ಅದನ್ನು ಬರೆದವರು ನಮ್ಮ ಕಡೆಯ ಬಿಸಿಲು ನೋಡಿಲ್ಲ ಎಂದುಕೊಂಡು, ಉಳಿದಿದ್ದ ಇನ್ನೊಂದು ಹಸಿ ಕೊಂಬೆಯನ್ನು ಕೆತ್ತಿ ಮಾಳಿಗೆಗೆ ಒಯ್ದೆ. ಹೆಂಡತಿ ಅಲ್ಲಿ ಸಂಡಿಗೆ ಹಾಕಿದ್ದಳು. ಪಕ್ಕದಲ್ಲೇ ಮಲಗಿಸಿದೆ.

ಹೊರಮೈ ಒಣಗಿ ಕುಗ್ಗಿತು, ಒಳಗೆ ಹಸಿ ಹಾಗೇ ಉಳಿಯಿತು. ಇಬ್ಬರ ಜಗಳದಲ್ಲಿ ಕಟ್ಟಿಗೆ ತುದಿಯಿಂದ ತುದಿಗೆ ಸೀಳಿತು. ನಾನು ಸೀಳಿನೊಳಗೆ ಬೆರಳು ತೂರಿಸಿ ಕೂತಿದ್ದೆ. ಹೆಂಡತಿ ಒಂದು ಸಂಡಿಗೆ ಮುರಿದು ನೋಡಿದಳು.

"ಬಿಸಿಲಿನ ಬಗ್ಗೆ ನೀವು ಹೇಳಿದ್ದು ಖರೇನ ಐತ್ರಿ" ಎಂದಳು. "ಸಂಡಿಗಿ ಭಾಳ ಚೊಲೋ ಒಣಗ್ಯಾವು."

ತರಗತಿಯಲ್ಲಿ

ಹಾಗಾದರೆ ಮೊದಲೇ ಒಣಗಿದ ಕಟ್ಟಿಗೆ ತೆಗೆದುಕೊಳ್ಳೋಣ ಎಂದು ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟು ತಂದೆ. ಮರದಲ್ಲಿ ಉದ್ದಕ್ಕೆ ಎಳೆಗಳಿರುತ್ತವೆ. ಬಿಲ್ಲು ಬಾಗುವಾಗ ಹಿಗ್ಗುವುದು ಅದರ ಹೊರಮೈ. ಅಲ್ಲಿಯ ಎಳೆ ತುದಿಯಿಂದ ತುದಿಗೆ ತುಂಡಾಗದೆ ಹರಿಯಬೇಕು, ಅದು ಸೊಟ್ಟಗಿದ್ದರೆ ಬಿಲ್ಲೂ ಸೊಟ್ಟಗಿರಬೇಕು. ನನಗೆ ಸೊಟ್ಟ ಹಿಡಿಸಲಿಲ್ಲ. ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದೆ. ಎಳೆಗಳೆಲ್ಲ ಅಡ್ಡಡ್ಡ ಕತ್ತರಿಸಿಹೋದವು. ನೋಡಲು ಶೋಕೇಸಿನಲ್ಲಿ ಇಡುವಂತಿತ್ತು. ಇಟ್ಟಿದ್ದರೆ ಒಳ್ಳೆಯದಿತ್ತು.

ಅದೇ ವಾರ ತರಗತಿಯಲ್ಲಿ ಸ್ಥಿತಿಸ್ಥಾಪಕತ್ವದ ಪಾಠ. ಬಿಲ್ಲು ತೆಗೆದುಕೊಂಡು ಹೋದೆ. "ಮಿತಿಯೊಳಗೆ ಎಳೆದರೆ ವಸ್ತು ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಗಮನಿಸಿ" ಎಂದೆ. ಎಲ್ಲರೂ ಗಮನಿಸಿದರು. ಆ ವರ್ಷ ಅಷ್ಟು ನಿಶ್ಶಬ್ದ ಆ ಕೋಣೆಯಲ್ಲಿ ಎಂದೂ ಇರಲಿಲ್ಲ. ಮೇಲಿನ ತುಂಡು ಮೊದಲ ಬೆಂಚಿನ ತನಕ ಹೋಗಿ ಬಿತ್ತು.

ಕೊನೆಯ ಬೆಂಚಿನಿಂದ ಒಬ್ಬ ಕೈ ಎತ್ತಿದ. ವರ್ಷವಿಡೀ ಅವನು ಪ್ರಶ್ನೆ ಕೇಳಿದ್ದು ಅದೊಂದೇ ಸಲ.

"ಸಾರ್, ಇದು ಎಕ್ಸಾಮಿಗೆ ಬರ್ತೈತೇನ್ರಿ?"

ಕೊಟ್ಟೂರು ಬಸ್ಸಿನಲ್ಲಿ

ನಾಲ್ಕನೆಯದು ಹುಣಸೆಯದು, ಹಗರಿಬೊಮ್ಮನಹಳ್ಳಿಯ ಒಂದು ಸಾಮಿಲ್ಲಿನಲ್ಲಿ ನೆರಳಿನಲ್ಲೇ ಒಣಗಿದ್ದ ಹಲಗೆ. ಎಳೆಯನ್ನು ಮುಟ್ಟಲಿಲ್ಲ. ಮಗಳು ಹಿತ್ತಲಿಗೆ ಬಂದು, "ಇದು ಬಿಲ್ಲಿನಂಗ ಕಾಣ್ತೈತಿ ಅಪ್ಪಾಜಿ" ಎಂದಳು. ಅಷ್ಟಕ್ಕೇ ಉಬ್ಬಿಹೋಗಿ, ಗಟ್ಟಿ ಹೆದೆ ಕಟ್ಟಿಸಲು ಕೊಟ್ಟೂರಿಗೆ ಹೋದೆ. ಕಟ್ಟಿಸಿದೆ. ಹೆದೆಯೇರಿಸಿದ ಬಿಲ್ಲನ್ನು ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದೆ.

ಅಲ್ಲೊಂದು ವಿಷಯ ಕಲಿತೆ. ನಮ್ಮ ಜನರ ಕೈಗೆ ಬಿಲ್ಲು ಸಿಕ್ಕರೆ ಮೊದಲು ಎದೆ ಮುಂದೆ ಬರುತ್ತದೆ, ಒಂದು ಕಣ್ಣು ಮುಚ್ಚುತ್ತದೆ, ಆಮೇಲೆ ಬಾಣವಿಲ್ಲದ ಹೆದೆಯನ್ನು ಎಳೆದು ಬಿಡುತ್ತಾರೆ. ಬಾಣವಿದ್ದರೆ ಬಲವೆಲ್ಲ ಅದರ ಜೊತೆ ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ಬಿಲ್ಲಿನ ಮೈಗೇ ಹೊಡೆಯುತ್ತದೆ. ಇದನ್ನು ಕಂಡಕ್ಟರಿಗೆ ವಿವರಿಸಲು ನಾನು ಬಾಯಿ ತೆರೆದಿದ್ದೆ.

"ಇದು ಭಾಳ ಉದ್ದ ಐತ್ರಿ ಸಾರ್, ಲಗೇಜ್ ಹಾಕಬೇಕಾಗ್ತೈತಿ. ಕೊಡ್ರಿಲ್ಲೆ, ನೋಡ್ತೀನಿ" ಎಂದು ಅವರು ಇಸಕೊಂಡರು. ಎದೆ ಮುಂದೆ ಬಂತು. ಕಣ್ಣು ಮುಚ್ಚಿತು. ಎಳೆದು ಬಿಟ್ಟರು.

ಎರಡು ತುಂಡನ್ನೂ ಜೋಪಾನವಾಗಿ ಹೆದೆಯಲ್ಲೇ ಸುತ್ತಿ ನನ್ನ ತೊಡೆಯ ಮೇಲಿಟ್ಟು, "ಈಗ ಲಗೇಜ್ ಬ್ಯಾಡ ಬಿಡ್ರಿ" ಎಂದರು. "ಚೀಲದಾಗ ಹಿಡಿತೈತಿ."

ದೃಷ್ಟಿ

ಐದನೆಯದು ನನ್ನ ಕೈಯಲ್ಲೇ ಹೋಯಿತು. ಬಿಲ್ಲನ್ನು ಸ್ವಲ್ಪ ಸ್ವಲ್ಪವೇ ಕೆರೆದು, ಎರಡೂ ತೋಳು ಸಮನಾಗಿ ಬಾಗುತ್ತವೆಯೇ ಎಂದು ನೋಡುತ್ತಾ ಹೋಗಬೇಕು. ನಾನು ಕೆರೆಯಲು ಸಲೀಸಾದ ಕಡೆಯಲ್ಲೇ ಕೆರೆದಿದ್ದೆ.

ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ದೃಷ್ಟಿ ಆಗೈತೋ ತಮ್ಮಾ. ಹೋಗೋರು ಬರೋರು ಎಲ್ಲಾ ನೋಡ್ತಾರ. ಒಂದು ಲಿಂಬಿಹಣ್ಣು ಇಳಿಸಿ ಒಗಿ" ಎಂದಳು.

ನಾನು ಇಂಥದ್ದನ್ನು ಸುಮ್ಮನೆ ಬಿಡುವವನಲ್ಲ. ಅವಳೆದುರು ಕೂತು ತುಂಡುಗಳನ್ನು ಜೋಡಿಸಿ ತೋರಿಸಿದೆ. ಬಾಗುವ ಭಾರ ಇಡೀ ಬಿಲ್ಲಿಗೆ ಹಂಚಿಹೋಗಬೇಕು, ಇಲ್ಲಿ ತೆಳ್ಳಗಾಗಿದ್ದರಿಂದ ಎಲ್ಲವೂ ಇದೊಂದೇ ಜಾಗದ ಮೇಲೆ ಬಿತ್ತು, ಅದಕ್ಕೇ ಮುರಿಯಿತು, ಇದರಲ್ಲಿ ಕಣ್ಣಿನ ಪಾತ್ರವಿಲ್ಲ ಎಂದೆ. ಅವ್ವ ಪೂರ್ತಿ ಕೇಳಿದಳು. ನನ್ನ ವಿದ್ಯಾರ್ಥಿಗಳು ಅಷ್ಟು ಕೇಳುವುದಿಲ್ಲ.

"ನಾ ಹೇಳಿದ್ದೂ ಅದನ್ನಲ್ಲೇನು?" ಎಂದಳು. "ಎಲ್ಲಾರ ಕಣ್ಣು ಅದೊಂದ ಜಾಗದ ಮ್ಯಾಲ ಬಿದ್ದೈತಿ."

ಹರಪನಹಳ್ಳಿಯಲ್ಲಿ

ಸ್ಪರ್ಧೆ ಹತ್ತಿರ ಬಂದಿತ್ತು. ಹೆಂಡತಿ ಮಾತು ಕಡಿಮೆ ಮಾಡಿದ್ದಳು. ಮಗಳು ಮಾತ್ರ ಏನೂ ಕೇಳದೆ ದಿನಾ ಅಭ್ಯಾಸಕ್ಕೆ ಹೋಗಿಬರುತ್ತಿದ್ದಳು. ಅವಳ ಆ ಸಮಾಧಾನವೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ಹುಡುಗಿ ಅಪ್ಪನನ್ನು ನಂಬಿ ಕೂತಿದ್ದಾಳೆ, ಈ ಸಲ ತಪ್ಪಿದರೆ ಅವಳು ಮೈದಾನದ ಅಂಚಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಬೇಕು. ಆರನೆಯದನ್ನು ಉಸಿರು ಬಿಗಿಹಿಡಿದು ಮಾಡಿದೆ. ಒಣಗಿದ ಕಟ್ಟಿಗೆ, ಕತ್ತರಿಸದ ಎಳೆ, ಸಮನಾದ ತೋಳು. ಅವಳ ಕೈ ಎಷ್ಟು ದೂರ ಎಳೆಯುತ್ತದೋ ಅಷ್ಟಕ್ಕೇ ಹದ ಮಾಡಿದೆ. ಅವಳು ಹಿತ್ತಲಲ್ಲಿ ನಿಂತು ಬಾಣ ಬಿಟ್ಟಳು. ಮುರಿಯಲಿಲ್ಲ. ಮತ್ತೆ ಬಿಟ್ಟಳು. ಆಗಲೂ ಮುರಿಯಲಿಲ್ಲ. ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದು, "ಯಾಕ, ಏನಾತು?" ಎಂದಳು.

ಹರಪನಹಳ್ಳಿಯ ತನಕ ಬಿಲ್ಲನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಹೆದೆ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಒಯ್ದೆ. ಕಂಡಕ್ಟರಿಗೆ ಕೊಡಲಿಲ್ಲ. ಮೈದಾನದಲ್ಲಿ ಇಬ್ಬರು ಹುಡುಗರು, ಒಬ್ಬರು ದೈಹಿಕ ಶಿಕ್ಷಕರು, ಟೀ ಮಾರುವವರು ಕೇಳಿದರು. ಯಾರಿಗೂ ಕೊಡಲಿಲ್ಲ. "ಇದನ್ನು ಅವಳೊಬ್ಬಳೇ ಎಳೆಯಬೇಕು, ಅವಳ ಅಳತೆಗೆ ಮಾಡಿದ್ದು" ಎಂದು ಎಲ್ಲರಿಗೂ ಪಾಠ ಮಾಡಿದೆ.

ಅವಳ ಸರದಿಗೆ ಇನ್ನೂ ಹೊತ್ತಿತ್ತು. ಫೋಟೋ ತೆಗೆಯುವವರೊಬ್ಬರು ಬಂದರು.

"ಬಿಲ್ಲು ನೀವೇ ಮಾಡಿದ್ದಂತೆ ಹೌದಾ ಸಾರ್? ಲೆಕ್ಚರರ್ ಅಂತೆ? ಒಂದು ಫೋಟೋ ತಗೊಳ್ಳಾ?"

ಹೆದೆ ಏರಿಸಿ ಮಗಳ ಪಕ್ಕ ನಿಂತು ಬಿಲ್ಲು ಹಿಡಿದೆ.

"ಹಂಗೆ ಸುಮ್ನೆ ಹಿಡ್ಕಂಡ್ರೆ ಕೋಲು ಹಿಡ್ಕಂಡಂಗೆ ಕಾಣುತ್ತೆ ಸಾರ್. ಒಂಚೂರು ಎಳೀರಿ."

ಎಳೆದೆ.

"ಕಿವಿ ತನಕ ಬರ್ಲಿ ಸಾರ್. ಗತ್ತು ಬರುತ್ತೆ."

ನನ್ನ ಎದೆ ಮುಂದೆ ಬಂತು. ಒಂದು ಕಣ್ಣು ಮುಚ್ಚಿತು. ನನ್ನ ತೋಳು ಮಗಳ ತೋಳಿಗಿಂತ ಸಾಕಷ್ಟು ಉದ್ದ. ಅದು ನನಗೆ ಗೊತ್ತಿತ್ತು, ಬಿಲ್ಲಿಗೂ ಗೊತ್ತಾಯಿತು.

ಸದ್ದಿಗೆ ಮೈದಾನದ ಆ ತುದಿಯವರೂ ತಿರುಗಿದರು. ಫೋಟೋದವರು, "ಸಕತ್ತಾಗಿ ಬಂತು ಸಾರ್" ಎಂದು ಹೋದರು. ಕೈಯಲ್ಲಿ ಬಿಲ್ಲಿನ ನಡುವಿನ ಹಿಡಿಯಷ್ಟೇ ಉಳಿದಿತ್ತು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿಕೊಂಡೇ, "ತಪ್ಪಾತವ್ವಾ" ಎಂದೆ.

ತಲೆ ಎತ್ತಿದರೆ ಅವಳು ದೂರದಲ್ಲಿದ್ದ ಹಡಗಲಿಯ ಗೆಳತಿಗೆ ಕೈ ಬೀಸುತ್ತಿದ್ದಳು. ಆ ಹುಡುಗಿ ಒಂದು ಉದ್ದನೆಯ ಚೀಲ ತಂದುಕೊಟ್ಟಳು. ಒಳಗೆ ಮರದ ಬಿಲ್ಲು.

"ಇವರ ಅಕ್ಕಂದು, ಅಪ್ಪಾಜಿ. ಈಗ ಅಕಿ ಆಡಂಗಿಲ್ಲ. ನನಗ ಕೊಟ್ಟುಬಿಟ್ಟಾಳ" ಎಂದಳು ಮಗಳು. "ದಿನಾ ಇದರಾಗ ಪ್ರಾಕ್ಟೀಸ್ ಮಾಡ್ತಿದ್ದೆ. ನಿಮಗ ಕಾಣಬಾರದಂತ ಇವತ್ತ ಇಕಿ ಕೈಯಾಗ ತರಿಸೇನಿ."

"ಯಾವಾಗಿಂದ?"

"ನೀವು ಊಟಕ್ಕ ಕುಂತಾಗ ನಾನ ಮಾಡಿಕೊಡ್ತೀನಿ ಅಂದ್ರೆಲ್ಲ, ಅವತ್ತ ಸಂಜೀಕ ಫೋನ್ ಮಾಡಿ ಕೇಳಿದ್ದೆ."

ನಾನು ಹಿಡಿಯನ್ನು ನೋಡಿದೆ, ಅವಳನ್ನು ನೋಡಿದೆ. "ಅಕಸ್ಮಾತ್ ನನ್ನದು ಮುರೀದ ಇದ್ದಿದ್ದರ?"

ಮಗಳು ಹೆದೆ ಏರಿಸುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿ ಯೋಚಿಸಿದಳು.

"ಅದನ್ನ ಮನ್ಯಾಗ ಯಾರೂ ವಿಚಾರ ಮಾಡಿದ್ದಿಲ್ಲ ನೋಡ್ರಿ" ಎಂದಳು.