ಮಾಮಾನ ಅಂಕಿ, ದೊಡ್ಡವ್ವನ ಗಂಟು

ನಮ್ಮ ಮಾಮಾ ಇರುವ ಓಣಿಯಲ್ಲಿ ಯಾರೂ ನೆಮ್ಮದಿಯಿಂದ ಸಾಯುವಂತಿಲ್ಲ! ಸತ್ತವರದೇನು ಬಿಡಿ, ಅವರಿಗೆ ಕೇಳಿಸುವುದಿಲ್ಲ. ಉಳಿದವರು ನೆಮ್ಮದಿಯಿಂದ ಅಳುವಂತೆಯೂ ಇಲ್ಲವಲ್ಲ, ಅದು ಕಷ್ಟ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಬೆಳಗಾವಿಯ ವಡಗಾವಿಯಲ್ಲಿ, ಎರಡೂ ಬದಿಯಿಂದ ಮಗ್ಗದ ಸದ್ದು ಬರುವ ಇಕ್ಕಟ್ಟಾದ ಓಣಿಯಲ್ಲಿ ಮನೆ. ನಿವೃತ್ತರಾದವರು ಸಾಮಾನ್ಯವಾಗಿ ದೇವರನ್ನೋ ಸಕ್ಕರೆ ಕಾಯಿಲೆಯನ್ನೋ ಹಿಡಿದುಕೊಳ್ಳುತ್ತಾರೆ. ಮಾಮಾ ಕ್ಯಾನ್ಸರನ್ನು ಹಿಡಿದುಕೊಂಡರು. ಗಾಬರಿಯಾಗಬೇಡಿ, ರೋಗ ಬರಲಿಲ್ಲ, ಅದರ ಅಂಕಿಅಂಶದ ಹುಚ್ಚು ಬಂತು! ವಯಸ್ಸಾದವರಲ್ಲಿ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಯಾವ ದೇಶದಲ್ಲಿ ಏರಿತು, ಯಾವ ದೇಶದಲ್ಲಿ ಇಳಿಯಿತು, ಯಾಕೆ ಇಳಿಯಿತು ಎಂಬುದೇ ಅವರ ನಿತ್ಯ ಪಾರಾಯಣ. ಮನೆಯಲ್ಲಿ ಕೇಳುವವರು ಇಲ್ಲದ್ದರಿಂದ ಅದನ್ನು ಸಾವಿನ ಮನೆಗಳಲ್ಲಿ ಮಾಡುತ್ತಿದ್ದರು. ಅಲ್ಲಿ ಜನ ಎದ್ದು ಹೋಗುವಂತಿರುವುದಿಲ್ಲ ನೋಡಿ!

ಒಮ್ಮೆ ಎದುರು ಮನೆಯ ನೇಕಾರ ಅಜ್ಜ ತೀರಿಕೊಂಡರು. ಎಂಬತ್ತು ದಾಟಿತ್ತು, ಹೊಟ್ಟೆಯ ಕ್ಯಾನ್ಸರ್. ಮಾತಾಡಿಸಿ ಬರಲು ಮಾಮಾನ ಜೊತೆ ನಾನೂ ಹೋದೆ. ಕುಳಿತವರಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.

"ಈಗ ಎಲ್ಲಿ ನೋಡಿದ್ರೂ ಇದೇ ರೋಗಾರೀ. ನಮ್ಮ ಮುತ್ಯಾನ ಕಾಲಕ್ಕ ಎಲ್ಲಿತ್ತು?"

ಅಷ್ಟೇ ಸಾಕಾಯಿತು. ಮಾಮಾ ಗಂಟಲು ಸರಿಮಾಡಿಕೊಂಡರು. "ಇತ್ರೀ, ಖರೇ ಅಂದ್ರ ಆಗೂ ಇತ್ತು. ಆದ್ರ ಆಗಿನ ಮಂದಿ ಪ್ಲೇಗು, ಕಾಲರಾ ಅಂತ ಹರೇದಾಗ ಹೋಗಿಬಿಡತಿದ್ರು. ಇದು ಬರಾಕ ಮನಶ್ಯಾ ಮುದುಕ ಆಗಬೇಕಲ್ಲ! ಈಗ ಬಾಳ ವರ್ಷ ಬದುಕತಾರ, ಅದಕ್ಕ ಕಣ್ಣಿಗೆ ಬೀಳತೈತಿ. ಬರೇ ಸತ್ತವರನ್ನ ಎಣಿಸಬಾರದ್ರೀ. ಆ ವಯಸ್ಸಿನವರು ಒಟ್ಟು ಎಷ್ಟು ಮಂದಿ ಅದಾರ ಅಂತ ನೋಡಿ ಭಾಗಿಸಬೇಕು."

ಅಜ್ಜನ ಮಗ ಕಣ್ಣೊರೆಸಿಕೊಂಡು ಕೇಳಿದ: "ಅಂದ್ರ ನಮ್ಮಪ್ಪ ಇಷ್ಟು ದಿನಾ ಬದುಕಿದ್ದ ತಪ್ಪಾತೇನ್ರೀ ಮಾಸ್ತರ?"

"ತಪ್ಪಲ್ಲಪಾ, ಅದು ಪ್ರಗತಿ" ಎಂದರು ಮಾಮಾ, ಅತ್ಯಂತ ಪ್ರೀತಿಯಿಂದ! ಇನ್ನೂ ಒಂದು ವಾಕ್ಯ ಬರುವುದರೊಳಗೆ ನಾನು ಅವರ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ.

ಜೀವಂತ ಇದ್ದವರಿಗಾದರೂ ಬಿಡುಗಡೆ ಉಂಟೇ? ಮುಂಜಾನೆ ಅವರೊಂದಿಗೆ ತಿರುಗಾಡಲು ಹೋಗುವ ಗೆಳೆಯರೊಬ್ಬರಿದ್ದಾರೆ. ಬಟ್ಟೆ ಅಂಗಡಿಯ ಸಾಹೇಬರು, ಎಪ್ಪತ್ತು ದಾಟಿದವರು. ಬಾಯಲ್ಲಿ ಸದಾ ತಂಬಾಕು. ಮಾಮಾ ಅವರನ್ನು ತಿದ್ದಲು ಹೊರಟರು.

"ಸಾಹೇಬ್ರ, ಎಷ್ಟೋ ದೇಶದಾಗ ಮುದುಕರು ಶ್ವಾಸಕೋಶದ ಕ್ಯಾನ್ಸರಿಂದ ಸಾಯೂದು ಕಡಿಮಿ ಆಗೇತಿ. ಯಾಕ? ಅವರು ಎಂದೋ ಸಿಗರೇಟ ಬಿಟ್ಟಿದ್ರು. ಸಿಗರೇಟ ಇರಲಿ, ತಂಬಾಕ ಇರಲಿ, ಬಿಟ್ಟದ್ದರ ಫಾಯದಾ ಪೂರ್ತಿ ಕಾಣಾಕ ಬಾಳ ವರ್ಷ ಹಿಡಿತೈತಿ."

"ಎಷ್ಟ ವರ್ಷ?"

"ಇಪ್ಪತ್ತು, ಮೂವತ್ತು ಅಂತ ಇಟ್ಕೋರಿ."

"ಯಾ ಅಲ್ಲಾ! ಅಂದ್ರ ಇವತ್ತ ಬಿಟ್ರ ನನಗ ನೂರು ದಾಟಿದ ಮ್ಯಾಲ ಫಾಯದಾ! ಮಾಸ್ತರ, ಇಷ್ಟು ಲಂಬಾ ವ್ಯಾಪಾರ ನಮ್ಮ ಖಾಂದಾನದಾಗ ಯಾರೂ ಮಾಡಿಲ್ಲ" ಎಂದು ಸಾಹೇಬರು ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

ಇಂಥ ಮಾಮಾನನ್ನು ಒಂದೇ ಮಾತಿನಲ್ಲಿ ಕೂರಿಸಬಲ್ಲವರು ಜಗತ್ತಿನಲ್ಲಿ ಒಬ್ಬರೇ. ಖಾನಾಪುರದ ನಮ್ಮ ದೊಡ್ಡವ್ವ, ಮಾಮಾನ ಹಿರಿಯಕ್ಕ. ಎಪ್ಪತ್ತೈದು ದಾಟಿದ ಮೇಲೂ ಮನೆಯಲ್ಲಿ ಶ್ಯಾವಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ಶ್ಯಾವಿಗೆ ಮಾಡಿಕೊಡುತ್ತಾರೆ. ಕನ್ನಡ, ಮರಾಠಿ ಎರಡರಲ್ಲೂ ಸಮನಾಗಿ ಬೈಯಬಲ್ಲರು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ನಾನು ಅವರಲ್ಲಿಗೆ ಹೋಗಿದ್ದೆ. ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿ, ನನ್ನ ಕೈ ಹಿಡಿದು ತಮ್ಮ ಎಡ ಎದೆಯ ಮೇಲೆ ಒತ್ತಿದರು. ಅಡಿಕೆಯಷ್ಟು ದೊಡ್ಡ, ಗಟ್ಟಿಯಾದ ಗಂಟು.

"ಯಾವಾಗಿಂದ ಐತಿ ದೊಡ್ಡವ್ವಾ?"

"ದೀಪಾವಳಿ ಹೊತ್ತಿಗೆ ಕೈಗೆ ಹತ್ತಿತು. ನೋಯೂದಿಲ್ಲ. ನಿಮ್ಮ ಮಾಮಾನ ಮುಂದ ಹೇಳಬ್ಯಾಡ ನೋಡು. ಹೇಳಿದ್ರ ಸಾಯೂಕಿಂತ ಮೊದಲ ನನ್ನ ಭಾಗಿಸಿ ಇಡತಾನ!"

ಬೆಳಗಾವಿಗೆ ಮರಳಿದ ಮೇಲೆ ಹೇಳದೆ ಇರಲು ಸಾಧ್ಯವೇ? ಹೇಳಿದೆ. ಮರುದಿನವೇ ಮಾಮಾ, ನಾನು ಇಬ್ಬರೂ ಖಾನಾಪುರದ ಪ್ಯಾಸೆಂಜರ್ ಗಾಡಿ ಹತ್ತಿದೆವು. ದೇಸೂರಿನಲ್ಲಿ ಹತ್ತಿದ ಒಬ್ಬರು ನಮ್ಮೆದುರು ಕುಳಿತು ತಮ್ಮ ಬೀಗರ ಸುದ್ದಿ ತೆಗೆದರು. "ಕ್ಯಾನ್ಸರ್ ಆಗಿತ್ರಿ. ಈಗ ಏನ್ ಕಾಲ ಬಂತ್ರೀ, ಮನಿಗೊಬ್ರಿಗೆ!" ಎಂದರು. ಇನ್ನು ಪಾರಾಯಣ ಶುರು ಎಂದು ನಾನು ಮಾಮಾನ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತಿದ್ದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ದೊಡ್ಡವ್ವನ ಪಡಸಾಲೆಯಲ್ಲಿ ಮಾಮಾನ ಮಾತು ವಾಪಸು ಬಂತು. "ಅಕ್ಕಾ, ಈಗ ಮೊದಲಿನಂಗಿಲ್ಲ. ವಯಸ್ಸಾದವರೊಳಗೂ ಇದರಿಂದ ಸಾಯೂ ಪ್ರಮಾಣ ಎಷ್ಟೋ ದೇಶದಾಗ ಇಳಕೋತ ಬಂದೈತಿ. ಲಗೂ ಗುರ್ತು ಹಿಡಿತಾರ, ಚೊಲೋ ಔಷಧ ಬಂದಾವ."

"ಆ ದೇಶದಾಗ ನಾ ಇಲ್ಲಲ್ಲೋ. ಖಾನಾಪುರದ ಪ್ರಮಾಣ ಹೇಳು."

ಮಾಮಾ ತಡವರಿಸಿದರು. "ಅದು... ಅದು ನನ್ನ ಕಡೆ ಇಲ್ಲ."

"ಹಂಗಾರ ಗಪ್ಪ ಕುಂದ್ರು, ಥಾಲಿಪೀಠ ತಿನ್ನು. ಈ ವಯಸ್ಸಿಗೆ ಯಾರರೇ ಮೈ ಕೊಯ್ಸಿಕೊಳ್ತಾರ?"

ಮಾಮಾ ಥಾಲಿಪೀಠ ತಿಂದರು. ಕೈ ತೊಳೆದರು. "ನೀ ದವಾಖಾನಿಗೆ ಬರೂತನಕಾ ನಾ ಇಲ್ಲಿಂದ ಏಳೂದಿಲ್ಲ" ಎಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು!

ಶ್ಯಾವಿಗೆಯ ದಿನಗಳು. ಹೆಂಗಸರು ರವೆಯ ಡಬ್ಬಿ ಹಿಡಿದು ಬಂದು ಅಂಗಳದಲ್ಲಿ ಸರದಿ ಕಾಯುತ್ತಿದ್ದರು. ಮಾಮಾನಿಗೆ ಇನ್ನೇನು ಬೇಕು? ಒಬ್ಬೊಬ್ಬರ ವಯಸ್ಸು ಕೇಳಿ, ಆ ವಯಸ್ಸಿಗೆ ಯಾವ ಅಂಗಕ್ಕೆ ಯಾವ ಅಪಾಯ ಎಂದು ವಿವರಿಸತೊಡಗಿದರು, ಕನ್ನಡದಲ್ಲೊಮ್ಮೆ, ಹರಕು ಮರಾಠಿಯಲ್ಲೊಮ್ಮೆ. ಮೊದಲ ದಿನ ಹೆಂಗಸರು ನಕ್ಕರು. ಎರಡನೆಯ ದಿನ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುದಿನ ಅಂಗಳ ಖಾಲಿ! ಡಬ್ಬಿಗಳೆಲ್ಲ ಬಾಜು ಓಣಿಯ ಇನ್ನೊಂದು ಯಂತ್ರದ ಕಡೆ ಹೋಗಿವೆ ಎಂದು ತಿಳಿದಾಗ ದೊಡ್ಡವ್ವ ಹೊರಗೆ ಬಂದರು.

"ನಡೀಯೋ ದವಾಖಾನಿಗೆ! ನಿನ್ನ ಇಲ್ಲಿಂದ ಎಬ್ಬಸಾಕರೇ ನಾ ಬರಬೇಕು."

ಹೀಗೆ ದೊಡ್ಡವ್ವ ಬೆಳಗಾವಿಯ ಆಸ್ಪತ್ರೆ ಸೇರಿದರು. ತಪಾಸಣೆಯೆಲ್ಲ ಮುಗಿದ ಮೇಲೆ ಡಾಕ್ಟರು ಮಾಮಾನನ್ನು, ನನ್ನನ್ನು ಕರೆದು ಕೂರಿಸಿದರು. ಗಂಟು ಕ್ಯಾನ್ಸರಿನದೇ, ಆದರೆ ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ, ಎದೆ ತೆಗೆಯಬೇಕಾಗುತ್ತದೆ ಎಂದರು. ಆಮೇಲೆ, "ಈ ವಯಸ್ಸಿನ ನೂರು ಮಂದಿಯನ್ನು ತೆಗೆದುಕೊಂಡರೆ..." ಎಂದು ಶುರುಮಾಡಿದರು.

ಮಾಮಾ ಕೈ ಎತ್ತಿದರು. "ಬ್ಯಾಡ್ರೀ ಡಾಕ್ಟ್ರ. ನೂರು ಮಂದಿ ಬ್ಯಾಡ. ಆಕಿ ಒಬ್ಬಾಕಿ."

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ವಾರ್ಡಿನಲ್ಲಿ ದೊಡ್ಡವ್ವ ಇದ್ದಕ್ಕಿದ್ದಂತೆ ಕೇಳಿದರು. "ಅವ್ವಗ ಏನಾಗಿತ್ತೋ ತಮ್ಮಾ?"

"ಹೊಟ್ಟಿಬ್ಯಾನಿ ಅಂತಿದ್ರಲ್ಲ."

"ಹೊಟ್ಟಿಬ್ಯಾನಿ ಅಂದ್ರೇನು? ಆರು ತಿಂಗಳಿನಾಗ ಕಡ್ಡಿಯಂಗ ಆಗಿ ಹೋದ್ಲು. ಯಾರೂ ಹೆಸರು ಹೇಳಲಿಲ್ಲ. ನೀ ನನ್ನ ಟೊಂಕದ ಮ್ಯಾಲಿದ್ದಿ, ಹಾಲಿಗೆ ಅಳತಿದ್ದಿ. ನಾನೂ ಸಣ್ಣಾಕಿನೇ. ಏನ್ ಮಾಡಬೇಕು ತಿಳೀದ ನಿನ್ನ ಜೋಡಿ ಅತ್ತೆ."

ಮಾಮಾ ಅಕ್ಕನ ಹೊದಿಕೆ ಸರಿಮಾಡಿದರು. ಆಮೇಲೆ, "ಅವ್ವನ್ನ ಯಾರೂ ಯಾವ ಲೆಕ್ಕಕ್ಕೂ ಹಿಡೀಲಿಲ್ಲಕ್ಕಾ" ಎಂದರು. ಅವರ ಅಂಕಿಯ ಹುಚ್ಚು ಎಲ್ಲಿಂದ ಹುಟ್ಟಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ದೊಡ್ಡವ್ವ ಈಗ ಚೆನ್ನಾಗಿದ್ದಾರೆ. ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ಹೆಂಗಸರೂ ಡಬ್ಬಿ ಹಿಡಿದು ಮರಳಿ ಬಂದಿದ್ದಾರೆ. ಅವರಲ್ಲಿ ಕೆಲವರು ದೊಡ್ಡವ್ವನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಏನೋ ಕೇಳುತ್ತಾರಂತೆ.

ನನಗೆ ನೆನಪಾಗುವುದು ಶಸ್ತ್ರಚಿಕಿತ್ಸೆಯ ಮರುದಿನ. ಸ್ವಲ್ಪ ನಡೆದಾಡಿಸಿ ಎಂದು ನರ್ಸ್ ಹೇಳಿದ್ದರು. ದೊಡ್ಡವ್ವನ ಪಕ್ಕೆಯಿಂದ ಬಂದ ಸಣ್ಣ ನಳಿಕೆಯ ತುದಿಗೆ ಒಂದು ಬಾಟಲಿ. ಅದನ್ನು ಮಾಮಾ ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಹೊರಟರು. ನಾನು ಹಿಂದೆ. ಅಕ್ಕನ ಖಾಲಿಯಾದ ಎಡಬದಿ ನೋಡಿದರೋ ಏನೋ, ಮಾಮಾನ ಕಣ್ಣು ತುಂಬಿ, ದಾರಿ ಕಾಣದೆ, ಸಪಾಟಾದ ನೆಲದ ಮೇಲೆಯೇ ಎಡವಿದರು.

ದೊಡ್ಡವ್ವ ಬಲಗೈ ಚಾಚಿ ಅವರ ಮಣಿಕಟ್ಟು ಹಿಡಿದುಕೊಂಡರು.

"ಕೆಳಗ ನೋಡಿ ನಡೀ ತಮ್ಮಾ, ಬಿದ್ದಗಿದ್ದೀಯ" ಎಂದು, ವಾರ್ಡಿನ ಆ ತುದಿಯವರೆಗೂ ಅವರನ್ನು ಕೈಹಿಡಿದು ನಡೆಸಿಕೊಂಡು ಹೋದರು.